ಕಣ್ಣಿಗೆ ಚೆಂದ, ಕೈಗೆ ಬೊಬ್ಬೆ

ಈ ಸಲ ಬಂದ ಪ್ರಶ್ನೆಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಒಂದೇ ವಿಷಯದವು: ಮರವನ್ನು ತಿರುಗಿಸಿ ಕಡೆಯುವ ಯಂತ್ರ, ಅಂದರೆ ಲೇತ್ ಮೇಲೆ ಉಳಿಗೋ ಅರಕ್ಕೋ ಚೆಂದದ ಮರದ ಹಿಡಿ ಕಡೆಯುವುದು. ಹಾಗಾಗಿ ಉಳಿದದ್ದನ್ನೆಲ್ಲ ಮುಂದಕ್ಕೆ ತಳ್ಳಿ ಇದನ್ನೇ ಹಿಡಿದು ಕೂತಿದ್ದೇನೆ. ಒಂದೇ ಥರ ಕೇಳಿದವರ ಪ್ರಶ್ನೆಗಳನ್ನು ಸೇರಿಸಿ ಒಂದು ಮಾಡಿದ್ದೇನೆ. ನನ್ನದೆಲ್ಲಿ ಹೋಯಿತು ಎಂದು ಕೋಪ ಮಾಡಿಕೊಳ್ಳಬೇಡಿ.

ಪ್ರಶ್ನೆ: ಸರ್, ಲೇತ್ ತಂದು ಮೂರು ತಿಂಗಳಾಯಿತು. ಉಳಿಗೆ ಒಂದು ಹಿಡಿ ಮಾಡಿದೆ, ಉದ್ದಕ್ಕೂ ಮಣಿಯಂಥ ಉಬ್ಬು, ಗೆರೆ, ಕಾಲುವೆಯಂಥ ತಗ್ಗು ಎಲ್ಲ ಹಾಕಿ. ನೋಡಿದವರೆಲ್ಲ ಹೊಗಳಿದರು. ಆದರೆ ಅರ್ಧ ಗಂಟೆ ಕೆಲಸ ಮಾಡಿದರೆ ಅಂಗೈ ಉರಿಯುತ್ತದೆ. ತಪ್ಪು ಮರದ್ದಾ?

ಉತ್ತರ: ಮರದ್ದಲ್ಲ, ಮಣಿಗಳದ್ದು. ನಿಮ್ಮ ಪತ್ರ ಓದಿ ನಗು ಬಂತು, ಯಾಕೆಂದರೆ ನನ್ನ ಮೊದಲ ಹಿಡಿಯ ಕಥೆಯೂ ಇದೇ. ಏಳು ಮಣಿ, ನಡುನಡುವೆ ಕಾಲುವೆ, ಥೇಟ್ ಮಂಚದ ಕಾಲು. ಎರಡನೇ ದಿನಕ್ಕೆ ಹೆಬ್ಬೆರಳಿನ ಬುಡದಲ್ಲಿ ಬೊಬ್ಬೆ ಎದ್ದಿತು, ಸರಿಯಾಗಿ ನಾಲ್ಕನೇ ಮಣಿ ಒತ್ತುವ ಜಾಗದಲ್ಲಿ. ಆ ಹಿಡಿಯನ್ನು ಎಸೆದಿಲ್ಲ. ಹೊಸದು ಕಡೆಯುವಾಗಲೆಲ್ಲ ಎದುರಿಗೆ ಇಟ್ಟುಕೊಳ್ಳುತ್ತೇನೆ.

ಹಿಡಿಯಲ್ಲಿ ಕೈ ಒತ್ತುವ ಜಾಗ ಬೇರೆ, ಸುಮ್ನೆ ತಾಗುವ ಜಾಗ ಬೇರೆ, ತಾಗದೇ ಇರುವ ಜಾಗ ಬೇರೆ. ಇದನ್ನು ಕಡೆಯುವ ಮುಂಚೆಯೇ ಕಂಡುಕೊಳ್ಳಬಹುದು. ತುಂಡನ್ನು ಮೊದಲು ಬರೀ ಲಟ್ಟಣಿಗೆಯ ಹಾಗೆ ಸಮ ದಪ್ಪಕ್ಕೆ, 34 ಮಿಲಿಮೀಟರ್‌ಗೆ ದುಂಡು ಮಾಡಿ. ಲೇತ್ ನಿಲ್ಲಿಸಿ, ತುಂಡನ್ನು ಬಿಚ್ಚಿ. ಅಂಗೈಗೆ ಬಣ್ಣದ ಸೀಮೆಸುಣ್ಣ ತಿಕ್ಕಿಕೊಳ್ಳಿ. ಕೆಲಸ ಮಾಡುವಾಗ ಹೇಗೆ ಹಿಡಿಯುತ್ತೀರೋ ಹಾಗೇ ಗಟ್ಟಿಯಾಗಿ ಹಿಡಿದು ಬಿಡಿ. ಬಣ್ಣ ದಟ್ಟವಾಗಿ ಹತ್ತಿದ ಕಡೆ ಏನೂ ಮಾಡಬೇಡಿ, ನುಣ್ಣಗೆ ಬಿಡಿ. ತೆಳುವಾಗಿ ಹತ್ತಿದ ಕಡೆ ಒಂದೆರಡು ಸಣ್ಣ ಗೆರೆ ನಡೆಯುತ್ತದೆ. ಬಣ್ಣವೇ ಹತ್ತದ ಕಡೆ ಪೆನ್ಸಿಲಿನಿಂದ ಗುರುತು ಹಾಕಿಕೊಳ್ಳಿ. ನಿಮ್ಮ ಮಣಿಗಳಿಗೆ ಜಾಗ ಅದು. ಸಾಮಾನ್ಯವಾಗಿ ಎರಡು ಕಡೆ ಸಿಗುತ್ತದೆ: ಹಿಡಿಯ ಮೂತಿಗೆ ತೊಡಿಸುವ ಲೋಹದ ಬಳೆಯ ಪಕ್ಕದ ಒಂದು ಇಂಚು, ಆಮೇಲೆ ಹಿಂಬದಿಯ ಗುಮ್ಮಟದ ಸ್ವಲ್ಪ ಮುಂಚೆ.

ಅಳತೆ ಕೇಳಿದ್ದೀರಿ. ನಾನು ಸಾಧಾರಣ ಉಳಿಗೆ 130 ಮಿಲಿಮೀಟರ್ ಉದ್ದ, ದಪ್ಪಗಿರುವಲ್ಲಿ 32, ಬಳೆಯ ಹತ್ತಿರದ ಸೊಂಟದಲ್ಲಿ 23 ಇಡುತ್ತೇನೆ. ಅತಿ ದಪ್ಪದ ಜಾಗ ಸರಿಯಾಗಿ ನಡುವೆ ಬೇಡ, ನಡುವಿಗಿಂತ ಸ್ವಲ್ಪ ಹಿಂದಕ್ಕೆ ಇರಲಿ, ಆಗ ಅಂಗೈ ತಾನಾಗಿ ಬಂದು ಕೂರುತ್ತದೆ. ಇದು ನನ್ನ ಕೈಯ ಲೆಕ್ಕ. ಇದನ್ನೇ ಬರೆದುಕೊಂಡು ನಿಮ್ಮ ಕೈಗೆ ಹೊಂದಿಸಬೇಡಿ.

ಪ್ರಶ್ನೆ: ನನ್ನ ಕೈ ಚಿಕ್ಕದು. ಉಳಿಯ ಜೊತೆ ಬರುವ ಹಿಡಿಗಳೆಲ್ಲ ನನಗೆ ಒನಕೆ ಹಿಡಿದ ಹಾಗೆ. ನನ್ನ ಅಳತೆ ಎಷ್ಟು ಎಂದು ಹೇಗೆ ತಿಳಿಯುವುದು?

ಉತ್ತರ: ಲೇತ್ ಇಟ್ಟುಕೊಂಡವರಿಗೆ ಇರುವ ದೊಡ್ಡ ಸುಖವೇ ಇದು. ಬೇರೆಯವರ ಕೈಗೆ ಮಾಡಿದ ಹಿಡಿಯನ್ನು ನೀವು ಸಹಿಸಬೇಕಾಗಿಲ್ಲ. ಬೇಡವಾದ ಮರದಲ್ಲಿ ಒಂದು ಮೆಟ್ಟಿಲು ಮೆಟ್ಟಿಲಾದ ತುಂಡು ಕಡೆಯಿರಿ: 24, 26, 28, 30, 32, ಒಂದೊಂದು ಮೆಟ್ಟಿಲು ನಿಮ್ಮ ಅಂಗೈ ಅಗಲ. ಒಂದೊಂದನ್ನೇ ಹಿಡಿದು ನೋಡಿ. ನಡುಬೆರಳಿನ ತುದಿ ಹೆಬ್ಬೆರಳಿನ ಬುಡದ ಉಬ್ಬನ್ನು ಇನ್ನೇನು ಮುಟ್ಟಬೇಕು ಎನ್ನುವಷ್ಟು ಹತ್ತಿರ ಬರುವ ದಪ್ಪವೇ ನಿಮ್ಮದು. ಬೆರಳು ಅಂಗೈಯೊಳಗೆ ಚುಚ್ಚಿದರೆ ತೆಳು ಆಯಿತು, ತುಂಬಾ ದೂರ ನಿಂತರೆ ದಪ್ಪ ಆಯಿತು. ಆ ತುಂಡನ್ನು ಇಟ್ಟುಕೊಳ್ಳಿ, ಮುಂದೆ ಬರುವ ಎಲ್ಲ ಹಿಡಿಗೂ ಅದೇ ಅಳತೆಗೋಲು.

ಪ್ರಶ್ನೆ: ಹಿಡಿಗೆ ಯಾವ ಮರ ಒಳ್ಳೆಯದು? ಬಣ್ಣ ಚೆಂದ ಇರಬೇಕು, ಆದರೆ ಸೀಳಬಾರದು.

ಉತ್ತರ: ಎಲ್ಲರೂ ಬಣ್ಣ ಮೊದಲು ಕೇಳುತ್ತಾರೆ. ನಾನು ಎಳೆ ಮೊದಲು ನೋಡುತ್ತೇನೆ. ತುಂಡಿನ ಪಕ್ಕದಲ್ಲಿ ಎಳೆ ಈ ತುದಿಯಿಂದ ಆ ತುದಿಗೆ ನೇರವಾಗಿ ಓಡಬೇಕು. ನಡುವೆ ಓರೆಯಾಗಿ ಹೊರಗೆ ಹೋಗಿದ್ದರೆ ಮರ ಎಷ್ಟೇ ಗಟ್ಟಿ ಇರಲಿ, ಆ ಓರೆಯಲ್ಲೇ ಒಂದು ದಿನ ಬಾಯಿ ಬಿಡುತ್ತದೆ. ಗರಗಸದಲ್ಲಿ ಕೊಯ್ದ ತುಂಡಿಗಿಂತ ಕೊಡಲಿಯಲ್ಲಿ ಸೀಳಿದ ತುಂಡು ಈ ವಿಷಯದಲ್ಲಿ ನಂಬಿಕೆಗೆ ಅರ್ಹ, ಏಕೆಂದರೆ ಸೀಳು ಎಳೆಯ ಜೊತೆಗೇ ಹೋಗುತ್ತದೆ. ಗಂಟು ಬೇಡ. ಕಾಂಡದ ನಟ್ಟನಡುವಿನ ಮೆತ್ತಗಿನ ತಿರುಳು ತುಂಡಿನೊಳಗೆ ಬಂದಿದ್ದರೂ ಬೇಡ, ಅಲ್ಲಿಂದಲೇ ಬಿರುಕು ಶುರುವಾಗುವುದು.

ಕೊಡತಿಯಲ್ಲಿ ಹೊಡೆಸಿಕೊಳ್ಳುವ ಉಳಿಗೆ ಹುಣಸೆ, ಜಾಲಿ, ಬೀಟೆ ಒಳ್ಳೆಯವು. ಹೊರದೇಶದ ಮರಗಳಾದ ಆಶ್, ಬೀಚ್, ಹಿಕ್ಕರಿ ಸಿಕ್ಕವರು ಅದನ್ನೇ ಬಳಸಿ, ಏಟು ತಡೆಯುವುದರಲ್ಲಿ ಹಿಕ್ಕರಿಗೆ ಹೆಸರಿದೆ. ಬರೀ ಕೈಯಲ್ಲಿ ತಳ್ಳುವ ಉಳಿ, ಅರ, ದಬ್ಬಳ, ಇವಕ್ಕಾದರೆ ತೇಗ, ಹಲಸು ಏನೂ ನಡೆಯುತ್ತದೆ. ಬೀಟೆ ಕಡೆಯುವವರಿಗೆ ಒಂದು ಮಾತು: ಅದರ ಧೂಳು ಕೆಲವರ ಚರ್ಮಕ್ಕೆ ಆಗುವುದಿಲ್ಲ, ತುರಿಕೆ ಏಳುತ್ತದೆ, ಮೂಗಿಗೂ ಕಿರಿಕಿರಿ. ಮಾಸ್ಕ್ ಹಾಕಿಕೊಳ್ಳಿ.

ಮರ ಒಣಗಿದೆಯಾ ಎಂದು ನೋಡುವುದಕ್ಕೆ ತೇವ ಅಳೆಯುವ ಮೀಟರ್ ಇದ್ದರೆ ಸರಿ, ನೂರಕ್ಕೆ 8ರಿಂದ 12 ತೋರಿಸಿದರೆ ಸಾಕು. ಇಲ್ಲದಿದ್ದರೆ ವಾರಕ್ಕೊಮ್ಮೆ ತೂಕ ಮಾಡಿ ತುಂಡಿನ ಮೇಲೇ ಬರೆಯಿರಿ. ತೂಕ ಇಳಿಯುವುದು ನಿಂತಾಗ ಒಣಗಿದೆ ಎಂದರ್ಥ. ನಾನು ಒಮ್ಮೆ ಅವಸರ ಮಾಡಿ ಹಸಿ ವಾಸನೆ ಇದ್ದ ತುಂಡಿಗೇ ಹಿತ್ತಾಳೆ ಬಳೆ ಬಿಗಿದು ಕೂರಿಸಿದ್ದೆ. ಎರಡು ತಿಂಗಳಿಗೆ ಮರ ಕುಗ್ಗಿತು. ಉಳಿ ಎತ್ತಿದಾಗ ಬಳೆ ಟಣ್ ಎಂದು ನೆಲಕ್ಕೆ ಬಿತ್ತು.

ಪ್ರಶ್ನೆ: ಹಿಡಿ ಚೆನ್ನಾಗಿ ಕಡೆದು, ಪಾಲಿಶ್ ಎಲ್ಲ ಮುಗಿಸಿ, ಕೊನೆಗೆ ಉಳಿಯ ಬಾಲಕ್ಕೆ (ಹಿಡಿಯೊಳಗೆ ಕೂರುವ ಭಾಗಕ್ಕೆ) ತೂತು ಕೊರೆದೆ. ಸೊಟ್ಟಗಾಯಿತು. ಉಳಿ ಒಂದು ಕಡೆ, ಹಿಡಿ ಒಂದು ಕಡೆ ನೋಡುತ್ತಿವೆ. ಸರಿ ಮಾಡಬಹುದಾ?

ಉತ್ತರ: ಅದನ್ನು ಸರಿ ಮಾಡಲು ಹೋಗುವ ಹೊತ್ತಿನಲ್ಲಿ ಇನ್ನೊಂದು ಕಡೆಯಬಹುದು. ತಪ್ಪಾಗಿದ್ದು ಕೈಯಲ್ಲಲ್ಲ, ಸರದಿಯಲ್ಲಿ. ಮೊದಲು ತೂತು, ಆಮೇಲೆ ಕಡೆತ. ಚೌಕದ ತುಂಡಿನಲ್ಲೇ ತೂತು ಕೊರೆದುಬಿಡಿ. ಆಮೇಲೆ ಲೇತಿಗೆ ಏರಿಸುವಾಗ, ಮರದ ಇನ್ನೊಂದು ತುದಿಗೆ ಆಸರೆ ಕೊಡುವ ಟೇಲ್‌ಸ್ಟಾಕಿನ ತಿರುಗುವ ಸೆಂಟರಿನ ಮೊನೆಯನ್ನು ಆ ತೂತಿನ ಬಾಯಿಗೇ ಕೂರಿಸಿ. ಈಗ ತೂತಿನ ಸುತ್ತಲೇ ಮರ ತಿರುಗುತ್ತದೆ, ಆದ್ದರಿಂದ ಕಡೆದ ಹಿಡಿಯ ನಡು ಎಂದರೆ ತೂತಿನ ಬಾಯಿಯ ನಡುವೇ. ತೂತು ತುಂಡಿನಲ್ಲಿ ಒಂದೆರಡು ಮಿಲಿಮೀಟರ್ ಪಕ್ಕಕ್ಕೆ ಹೋಗಿದ್ದರೂ ಪರವಾಗಿಲ್ಲ, ಆ ಕಡೆಯಿಂದ ಸ್ವಲ್ಪ ಜಾಸ್ತಿ ಮರ ಹೋಗುತ್ತದೆ ಅಷ್ಟೇ.

ಇನ್ನೊಂದು ವಿಷಯ, ಉಳಿಯ ಬಾಲ ತುದಿಗೆ ಹೋಗುತ್ತಾ ಸಣ್ಣಗಾಗುತ್ತದೆ. ಅದಕ್ಕೆ ಒಂದೇ ಅಳತೆಯ ತೂತು ಕೊರೆದರೆ ಒಂದೋ ತೂತಿನ ಬಾಯಲ್ಲಿ ಬಿಗಿ ತಳದಲ್ಲಿ ಸಡಿಲ, ಇಲ್ಲವೇ ಪೂರಾ ಸಡಿಲ. ಮೆಟ್ಟಿಲು ತೂತು ಕೊರೆಯಬೇಕು. ನಿಮ್ಮ ಉಳಿಯ ಬಾಲ 55 ಮಿಲಿಮೀಟರ್ ಉದ್ದ, ಬುಡದಲ್ಲಿ 7 ಮಿಲಿಮೀಟರ್ ಚೌಕ, ತುದಿಯಲ್ಲಿ 3 ಎಂದಿಟ್ಟುಕೊಳ್ಳಿ. 4 ಮಿಲಿಮೀಟರ್ ಬಿಟ್ಟಿನಿಂದ ಪೂರ್ತಿ 55 ಆಳ, 6ರ ಬಿಟ್ಟಿನಿಂದ 36 ಆಳ, 8ರದ್ದರಿಂದ ಮೊದಲ 18. ಬಿಟ್ಟಿಗೆ ಟೇಪ್ ಸುತ್ತಿ ಆಳ ಗುರುತು ಮಾಡಿಕೊಳ್ಳಿ. ಸಣ್ಣ ಬಿಟ್ ಎಳೆಯನ್ನು ಹಿಡಿದು ಓಡಿಬಿಡುತ್ತದೆ, ಅದಕ್ಕೆ ಪದೇಪದೇ ಹೊರಗೆ ಎಳೆದು ಪುಡಿ ಉದುರಿಸುತ್ತಾ ಹೋಗಿ. ಹೀಗೆ ಕೊರೆದರೆ ಚೌಕದ ನಾಲ್ಕು ಮೂಲೆಗಳು ಮಾತ್ರ ಮರವನ್ನು ಕಚ್ಚುತ್ತವೆ, ಬಾಲ ತಿರುಗುವುದಿಲ್ಲ, ಮರವೂ ಸೀಳುವುದಿಲ್ಲ.

ಕೂರಿಸುವಾಗ ಉಳಿಯ ಬಾಯನ್ನು ಬೆಂಚಿಗೆ ಒತ್ತಿ ಹೊಡೆಯಬೇಡಿ. ಮೊದಲು ಕೈಯಲ್ಲೇ ತಳ್ಳಿ, ಒಂದು ಸೆಂಟಿಮೀಟರ್ ಹೊರಗೆ ಉಳಿಯುವಷ್ಟು ಹೋಗಬೇಕು. ಆಮೇಲೆ ಹಿಡಿಯನ್ನು ಕೈಯಲ್ಲಿ ಹಿಡಿದು, ಉಳಿ ಗಾಳಿಯಲ್ಲಿ ಕೆಳಮುಖವಾಗಿ ನೇತಾಡುವಂತೆ ಇಟ್ಟುಕೊಂಡು, ಹಿಡಿಯ ಹಿಂಬದಿಗೆ ಕೊಡತಿಯಿಂದ ತಟ್ಟಿ. ಉಳಿಯ ಭಾರವೇ ಅದನ್ನು ನಿಲ್ಲಿಸುತ್ತದೆ, ಹಿಡಿ ಅದರ ಮೇಲಕ್ಕೆ ಇಳಿಯುತ್ತದೆ. ಮೊದಲ ಸಲ ನೋಡಿದವರು ನಂಬುವುದಿಲ್ಲ. ಕೆಳಗೆ ಕಾಲು ಇಟ್ಟುಕೊಳ್ಳಬೇಡಿ ಎಂದು ಬೇರೆ ಹೇಳಬೇಕಾ?

ಪ್ರಶ್ನೆ: ಹಿತ್ತಾಳೆ ಬಳೆ ಬೇಕೇ ಬೇಕಾ? ಚೆಂದಕ್ಕೆ ಮಾತ್ರ ಅಲ್ವಾ ಅದು?

ಉತ್ತರ: ಅಲ್ಲ. ಬಾಲ ಎಂದರೆ ಮರದೊಳಗೆ ಬಡಿದ ಬೆಣೆ. ಪ್ರತಿ ಏಟಿಗೂ ಅದು ಮರವನ್ನು ಅಗಲಿಸಲು ನೋಡುತ್ತದೆ. ಬಳೆ, ಹಳಬರು ಅಣಸು ಎನ್ನುವುದು ಇದನ್ನೇ, ಆ ಅಗಲುವಿಕೆಯನ್ನು ಸುತ್ತಲಿಂದ ಕಟ್ಟಿ ಹಿಡಿಯುತ್ತದೆ. ಚೆಂದ ಅದರ ಜೊತೆಗೆ ಪುಕ್ಕಟೆ ಬಂದದ್ದು.

ತಾಮ್ರದ ಅಥವಾ ಹಿತ್ತಾಳೆಯ ಪೈಪು ಸಾಕು. ಮೇಲೆ ಹೇಳಿದ ಬಾಲಕ್ಕೆ ಒಳ ಅಳತೆ 16ರಿಂದ 18 ಮಿಲಿಮೀಟರ್ ಇರಲಿ, ಇಲ್ಲದಿದ್ದರೆ ತೂತಿನ ಸುತ್ತ ಮರವೇ ಉಳಿಯುವುದಿಲ್ಲ. 15ರಿಂದ 18 ಮಿಲಿಮೀಟರ್ ಉದ್ದ ಕತ್ತರಿಸಿ. ಪೈಪ್ ಕಟರ್ ಬಳಸಿದರೆ ಅಂಚು ಒಳಕ್ಕೆ ಮಡಚಿಕೊಂಡಿರುತ್ತದೆ, ಅದನ್ನು ದುಂಡರದಿಂದ ತೆಗೆಯದೆ ತೂರಿಸಲು ಹೋದರೆ ಮರವನ್ನು ಕೆರೆದುಕೊಂಡು ಹೋಗುತ್ತದೆ. ಮರದ ಮೂತಿಯನ್ನು ಬಳೆಯ ಒಳ ಅಳತೆಗಿಂತ 0.1ರಿಂದ 0.2 ಮಿಲಿಮೀಟರ್ ಜಾಸ್ತಿ ಇಟ್ಟು, ತುದಿಯನ್ನು ಮಾತ್ರ ಸ್ವಲ್ಪ ಇಳಿಜಾರು ಮಾಡಿ. ವರ್ನಿಯರ್ ಇಲ್ಲದೆ ಇದು ಆಗುವುದಿಲ್ಲ, ಕಣ್ಣಂದಾಜು ಇಲ್ಲಿ ಬೇಡ. ತಟ್ಟಿ ಕೂರಿಸಿ. ಅನುಮಾನ ಇದ್ದರೆ ಎಪಾಕ್ಸಿ ಹಚ್ಚಿ, ಇಲ್ಲವೇ ಸೆಂಟರ್ ಪಂಚಿನಿಂದ ಎರಡು ಕಡೆ ಸಣ್ಣ ಗುಳಿ ಹೊಡೆಯಿರಿ. ಬಳೆ ಕೂತ ಮೇಲೆ ಮತ್ತೆ ಲೇತಿಗೆ ಏರಿಸಿ, ಮರ ಮತ್ತು ಲೋಹ ಸೇರುವ ಅಂಚನ್ನು ಬೆರಳಿಗೆ ಗೊತ್ತಾಗದಷ್ಟು ಸಮ ಮಾಡಿ. ತೋರುಬೆರಳು ಕೂರುವುದು ಅಲ್ಲೇ.

ಪ್ರಶ್ನೆ: ಸ್ಕ್ಯೂ ಉಳಿ (ಓರೆ ಅಂಚಿನ ಉಳಿ) ಹಿಡಿದರೆ ನನಗೆ ಕೈ ನಡುಗುತ್ತದೆ. ಚೆನ್ನಾಗಿ ಹೋಗುತ್ತಿದ್ದದ್ದು ಇದ್ದಕ್ಕಿದ್ದಂತೆ ಕಚ್ಚಿ, ಟಕ್ ಎಂದು ಮರದ ಮೇಲೆ ಸುರುಳಿ ಗಾಯ ಮಾಡುತ್ತದೆ. ಬಿಟ್ಟು ಬರೀ ಕೆರೆಯುವ ಉಳಿಯಲ್ಲೇ ಮಾಡಲಾ?

ಉತ್ತರ: ಮಾಡಬಹುದು, ಆದರೆ ಕೆರೆದ ಮೈಗೂ ಕತ್ತರಿಸಿದ ಮೈಗೂ ವ್ಯತ್ಯಾಸ ಇದೆ. ಕೆರೆದದ್ದು ಎಳೆ ಎಬ್ಬಿಸುತ್ತದೆ, ಆಮೇಲೆ ಪಾಲಿಶ್ ಪೇಪರಿನಲ್ಲಿ ಒಂದು ಗಂಟೆ ಉಜ್ಜುತ್ತಾ ಕೂರಬೇಕು. ಉಜ್ಜಿ ಉಜ್ಜಿ ಮಣಿಗಳ ಅಂಚೆಲ್ಲ ಸವೆದು ಹೋಗುತ್ತದೆ.

ಕಚ್ಚುವುದು ಯಾವಾಗ ಗೊತ್ತಾ? ಉಳಿಯ ಇಳಿಜಾರಿನ ಬೆನ್ನು ಮರಕ್ಕೆ ತಾಗದೆ ಬರೀ ಅಂಚು ತಾಗಿದಾಗ. ಅಂಚಿನ ಹಿಂದೆ ಆಸರೆ ಇಲ್ಲ, ಮರ ಅದನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಹೀಗೆ ಮಾಡಿ ನೋಡಿ. ಲೇತ್ ಶುರು ಮಾಡಿ. ಉಳಿಯನ್ನು ಟೂಲ್ ರೆಸ್ಟ್ ಮೇಲೆ ಗಟ್ಟಿಯಾಗಿ ಊರಿ, ಹಿಡಿಯನ್ನು ಕೆಳಗೆ ಇಟ್ಟುಕೊಂಡು, ಬೆನ್ನನ್ನು ಮಾತ್ರ ತಿರುಗುವ ಮರಕ್ಕೆ ತಾಗಿಸಿ. ಏನೂ ಕತ್ತರಿಸುವುದಿಲ್ಲ, ಸುಮ್ನೆ ಉಜ್ಜುವ ಸದ್ದು ಬರುತ್ತದೆ. ಈಗ ಹಿಡಿಯನ್ನು ಕೂದಲೆಳೆಯಷ್ಟು, ಕೂದಲೆಳೆಯಷ್ಟೇ ಮೇಲೆತ್ತುತ್ತಾ ಬನ್ನಿ. ಒಂದು ಕ್ಷಣದಲ್ಲಿ ಸದ್ದು ಬದಲಾಗುತ್ತದೆ, ಅಂಚಿನಿಂದ ಮೊದಲು ಧೂಳು, ಆಮೇಲೆ ದಾರದಂಥ ಸುರುಳಿ ಹೊರಗೆ ಬರುತ್ತದೆ. ಅಲ್ಲೇ ನಿಲ್ಲಿಸಿ, ಎತ್ತುವುದನ್ನು. ಆ ಕೋನ ಬಿಡದೆ ಮೈಯನ್ನೇ ಪಕ್ಕಕ್ಕೆ ವಾಲಿಸುತ್ತಾ ಉಳಿಯನ್ನು ಸರಿಸಿ. ಸ್ಕ್ಯೂ ಉಳಿಯ ಅಂಚಿನ ಕೆಳಗಿನ ಅರ್ಧ ಮಾತ್ರ ಕೆಲಸ ಮಾಡಬೇಕು. ಮೇಲಿನ ಉದ್ದ ಮೊನೆ ಮರ ಮುಟ್ಟಿತೋ, ಮುಗಿಯಿತು.

ಇದರ ಜೊತೆ ಇನ್ನೆರಡು. ಯಾವಾಗಲೂ ದಪ್ಪದಿಂದ ತೆಳುವಿನ ಕಡೆಗೆ, ಗುಡ್ಡ ಇಳಿಯುವ ಹಾಗೆ ಕತ್ತರಿಸಿ. ಇಳಿಯುವಾಗ ಕೆಳಗಿನ ಎಳೆ ಮೇಲಿನ ಎಳೆಗೆ ಆಸರೆ ಕೊಡುತ್ತದೆ, ಹತ್ತುವಾಗ ಎಳೆ ಕಿತ್ತು ಬರುತ್ತದೆ. ಮಣಿಗೂ ಹಾಗೇ, ನೆತ್ತಿಯಿಂದ ಬಲಕ್ಕೆ ಒಮ್ಮೆ, ಮತ್ತೆ ನೆತ್ತಿಯಿಂದ ಎಡಕ್ಕೆ ಒಮ್ಮೆ. ಕಾಲುವೆಗೆ ಗೌಜ್ (ತೋಡಿನಂತೆ ಬಾಗಿದ ಉಳಿ) ಹಿಡಿದು ಎರಡೂ ದಡದಿಂದ ತಳಕ್ಕೆ ಇಳಿದು ಅಲ್ಲೇ ನಿಲ್ಲಿಸಿ, ತಳ ದಾಟಿ ಎದುರು ದಡ ಹತ್ತಬೇಡಿ. ವೇಗ, 40 ಮಿಲಿಮೀಟರ್ ಚೌಕದ ತುಂಡು ಒರಟಾಗಿರುವಾಗ ನಿಮಿಷಕ್ಕೆ 800ರಿಂದ 1000 ಸುತ್ತು, ದುಂಡಾದ ಮೇಲೆ 1500ರಿಂದ 2000. ಟೂಲ್ ರೆಸ್ಟ್ ಮರದಿಂದ ನಾಲ್ಕೈದು ಮಿಲಿಮೀಟರ್ ದೂರ, ಮರ ಸಣ್ಣಗಾದ ಹಾಗೆ ಲೇತ್ ನಿಲ್ಲಿಸಿ ಹತ್ತಿರ ತರುತ್ತಿರಿ. ಶುರು ಮಾಡುವ ಮೊದಲು ಕೈಯಲ್ಲಿ ಒಂದು ಸುತ್ತು ತಿರುಗಿಸಿ ನೋಡುವುದನ್ನು ಬಿಡಬೇಡಿ. ಕೈಗವಸು, ಉಂಗುರ, ಸಡಿಲ ತೋಳಿನ ಅಂಗಿ ಬೇಡವೇ ಬೇಡ. ಮುಖಕ್ಕೆ ಶೀಲ್ಡ್ ಹಾಕಿ.

ಸುರುಳಿ ಸುರುಳಿ ಗೆರೆ ಬರೀ ಸೊಂಟದಲ್ಲಿ ಬರುತ್ತಿದ್ದರೆ ಅದು ಕಚ್ಚುವುದಲ್ಲ, ನಡುಕ. ಟೇಲ್‌ಸ್ಟಾಕನ್ನು ಅತಿ ಬಿಗಿ ಮಾಡಿದ್ದೀರಿ, ಇಲ್ಲವೇ ಉಳಿ ಮೊಂಡಾಗಿದೆ. ನೂರರಲ್ಲಿ ಎಂಬತ್ತು ಸಲ ಉಳಿಯದ್ದೇ ತಪ್ಪು ಎಂದು ನನ್ನ ಅಂದಾಜು. ಅಂದ ಹಾಗೆ, ಮಸೆಯುವಾಗ ಅಂಚು ನೀಲಿಯಾಯಿತು ಎಂದು ಇಬ್ಬರು ಗಾಬರಿಯಲ್ಲಿ ಬರೆದಿದ್ದಾರೆ. ಎಚ್‌ಎಸ್‌ಎಸ್ (ಹೈ ಸ್ಪೀಡ್ ಸ್ಟೀಲ್) ಉಳಿ ಆದರೆ ತಲೆ ಕೆಡಿಸಿಕೊಳ್ಳಬೇಡಿ, ಅದಕ್ಕೆ ಆ ಬಿಸಿ ಲೆಕ್ಕಕ್ಕಿಲ್ಲ. ಹಳೆ ಕಾರ್ಬನ್ ಸ್ಟೀಲ್ ಆದರೆ ಹದ ಹೋಯಿತು, ನೀಲಿ ಭಾಗ ಪೂರಾ ಮಸೆದು ತೆಗೆಯಬೇಕು.

ಪ್ರಶ್ನೆ: ಹಳೆಯ ಅರವನ್ನು ಮಸೆದು ಲೇತ್ ಉಳಿ ಮಾಡಿಕೊಂಡಿದ್ದೇನೆ, ಚೆನ್ನಾಗಿ ಕತ್ತರಿಸುತ್ತದೆ. ಇದಕ್ಕೆ ಉದ್ದನೆಯ ಅಲಂಕಾರದ ಹಿಡಿ ಮಾಡಬೇಕು. ಎಷ್ಟು ಉದ್ದ ಇಡಲಿ?

ಉತ್ತರ: ಹಿಡಿ ಮಾಡಬೇಡಿ. ಆ ಉಳಿಯನ್ನೇ ಬಿಟ್ಟುಬಿಡಿ. ಅರದ ಉಕ್ಕು ತುಂಬಾ ಗಡಸು, ಅದಕ್ಕೇ ಬಾಗುವುದಿಲ್ಲ, ಮುರಿಯುತ್ತದೆ. ಒಂದು ಸಲ ಕಚ್ಚಿದರೆ ಗಾಜಿನ ಹಾಗೆ ತುಂಡಾಗಿ ಮುಖದ ಕಡೆಗೇ ಬರುತ್ತದೆ. ಹಲ್ಲಿನ ಒಂದೊಂದು ಗೆರೆಯೂ ಬಿರುಕು ಶುರುವಾಗಲು ಸಿದ್ಧ ಜಾಗ. "ಚೆನ್ನಾಗಿ ಕತ್ತರಿಸುತ್ತದೆ" ಎನ್ನುವುದು ನಿಜ, ಮುರಿಯುವ ದಿನದವರೆಗೂ ಚೆನ್ನಾಗಿಯೇ ಕತ್ತರಿಸುತ್ತದೆ. ಅರವನ್ನು ಅರವಾಗಿಯೇ ಇಟ್ಟುಕೊಂಡು ಅದಕ್ಕೆ ಒಂದು ಚಿಕ್ಕ ಹಿಡಿ ಹಾಕಿ. ಹಿಡಿ ಇಲ್ಲದ ಅರದ ಬಾಲ ಅಂಗೈಗೆ ನುಗ್ಗಿದ್ದು ನೋಡಿದ್ದೇನೆ, ಅದನ್ನು ಬರೆಯಲು ಮನಸ್ಸಿಲ್ಲ.

ಪ್ರಶ್ನೆ: ಹಿಡಿಯ ನಡುವೆ ಬೇರೆ ಬಣ್ಣದ ಮರದ ಉಂಗುರಗಳು ಒಂದರೊಳಗೊಂದು ಹೆಣೆದುಕೊಂಡ ಹಾಗೆ ಇರುವ ಚಿತ್ರ ನೋಡಿದೆ. ಕೆತ್ತಿದ್ದಾ? ಅಂಟಿಸಿದ್ದಾ? ತಲೆಗೆ ಹೋಗುತ್ತಿಲ್ಲ.

ಉತ್ತರ: ನೀವು ಕೇಳಿದ್ದಕ್ಕೆ ತುಂಬಾ ಖುಷಿ ಆಯಿತು, ಯಾಕೆಂದರೆ ನನಗೆ ಇಷ್ಟವಾದ ಅಲಂಕಾರ ಇದೇ. ಇದಕ್ಕೆ ಸೆಲ್ಟಿಕ್ ನಾಟ್ ಎನ್ನುತ್ತಾರೆ. ಮಣಿ ಕೈಗೆ ಚುಚ್ಚುತ್ತದೆ, ಇದು ಚುಚ್ಚುವುದಿಲ್ಲ. ಕಣ್ಣಿಗೆ ಗಂಟು ಕಾಣುತ್ತದೆ, ಬೆರಳಾಡಿಸಿದರೆ ನುಣ್ಣಗೆ ಇರುತ್ತದೆ. ಅದಕ್ಕೇ ಅಂಗೈ ಒತ್ತುವ ಜಾಗದಲ್ಲೂ ಇಡಬಹುದು.

ಕೆತ್ತನೆ ಏನೂ ಇಲ್ಲ, ಬರೀ ಓರೆ ಕೊಯ್ತ. ನಾಲ್ಕೂ ಮೈ ಒಂದೇ ಅಳತೆ ಇರುವ ಚೌಕದ ತುಂಡು ತೆಗೆದುಕೊಳ್ಳಿ, 40 ಮಿಲಿಮೀಟರ್ ಇರಲಿ. 45 ಡಿಗ್ರಿ ಓರೆಯಲ್ಲಿ ಗರಗಸ ಹಾಕಿ, ಪೂರ್ತಿ ತುಂಡು ಮಾಡದೆ ಕೆಳಗೆ ಎರಡು ಮೂರು ಮಿಲಿಮೀಟರ್ ಬಿಡಿ. ಆ ಸೀಳಿಗೆ ಬೇರೆ ಬಣ್ಣದ ಮರದ ತೆಳು ಪಟ್ಟಿ ಅಂಟು ಹಚ್ಚಿ ತೂರಿಸಿ. ಒಣಗಿದ ಮೇಲೆ ಹೊರಗೆ ಚಾಚಿದ್ದನ್ನು ಸಮ ಮಾಡಿ, ತುಂಡನ್ನು ಕಾಲು ಸುತ್ತು ತಿರುಗಿಸಿ, ಅದೇ ಜಾಗದಲ್ಲಿ ಅದೇ ಓರೆಯಲ್ಲಿ ಮತ್ತೆ ಕೊಯ್ಯಿರಿ. ಹೀಗೆ ನಾಲ್ಕು ಮೈಗೂ. ತುದಿಗೆ ಒಂದು ತಡೆ ಕಟ್ಟಿಕೊಂಡರೆ ನಾಲ್ಕೂ ಕೊಯ್ತ ಒಂದೇ ಜಾಗಕ್ಕೆ ಬೀಳುತ್ತವೆ. ಚೌಕದಲ್ಲಿ ನೋಡಿದರೆ ಏನೋ ಅಡ್ಡಾದಿಡ್ಡಿ ಪಟ್ಟೆಗಳು. ದುಂಡಗೆ ಕಡೆಯುತ್ತಾ ಹೋದ ಹಾಗೆ ಓರೆ ಪಟ್ಟಿಗಳು ಬಾಗಿ, ಒಂದರ ಮೇಲೊಂದು ಹಾದು, ನಾಲ್ಕು ಉಂಗುರ ಹೆಣೆದುಕೊಂಡ ಹಾಗೆ ಕಾಣಿಸಲು ಶುರುವಾಗುತ್ತದೆ. ಆ ಹೊತ್ತಿಗೆ ಲೇತ್ ನಿಲ್ಲಿಸಿ ನಿಲ್ಲಿಸಿ ನೋಡದೇ ಇರುವವರು ಯಾರೂ ಇಲ್ಲ.

ಕೆಡುವುದು ಎಲ್ಲಿ ಎಂದು ಹೇಳುತ್ತೇನೆ. ಪಟ್ಟಿಯ ದಪ್ಪ ಗರಗಸದ ಸೀಳಿನ ಅಗಲಕ್ಕೆ ಸರಿಸಮ ಇರಬೇಕು. ಪಟ್ಟಿ ತೆಳುವಾದರೆ ಬಿಗಿಯುವಾಗ ಸೀಳು ಮುಚ್ಚಿಕೊಂಡು ತುಂಡು ಕುಗ್ಗುತ್ತದೆ, ಮೊದಲ ಪಟ್ಟಿಯ ಎರಡು ಅರ್ಧಗಳು ಒಂದಕ್ಕೊಂದು ಸೇರುವುದಿಲ್ಲ, ಗಂಟು ಬಿಚ್ಚಿದ ಹಾಗೆ ಕಾಣುತ್ತದೆ. ಎರಡನೆಯದು, ಲೇತಿಗೆ ಏರಿಸುವಾಗ ನಡು ತಪ್ಪಿದರೆ ಒಂದು ಉಂಗುರ ದೊಡ್ಡದು ಒಂದು ಚಿಕ್ಕದು. ಇಲ್ಲಿ ಬಾಲದ ತೂತನ್ನೂ ಪಕ್ಕಾ ನಡುವಿಗೇ ಕೊರೆಯಬೇಕು, ಮೇಲೆ ಹೇಳಿದ "ಪರವಾಗಿಲ್ಲ" ಇದಕ್ಕೆ ಅನ್ವಯಿಸುವುದಿಲ್ಲ. ಮೂರನೆಯದು ಅವಸರ. ಬಿಳಿ ಅಂಟಿನಲ್ಲಿ ನೀರಿರುತ್ತದೆ, ಅಂಟಿನ ಪಕ್ಕದ ಮರ ಅದನ್ನು ಕುಡಿದು ಉಬ್ಬಿರುತ್ತದೆ. ಅವತ್ತೇ ಕಡೆದರೆ ಆಮೇಲೆ ಒಣಗಿ ಅಲ್ಲೇ ಸಣ್ಣ ತಗ್ಗು ಬೀಳುತ್ತದೆ. ಪ್ರತಿ ಪಟ್ಟಿಗೂ ಒಂದು ದಿನ ಕೊಡಿ, ನಾಲ್ಕು ಪಟ್ಟಿಗೆ ನಾಲ್ಕು ದಿನ.

ಓರೆ ಅಂಟು ಇರುವ ಹಿಡಿಯನ್ನು ಕೊಡತಿ ಏಟು ತಿನ್ನುವ ಉಳಿಗೆ ಹಾಕಬೇಡಿ. ಅರ, ದಬ್ಬಳ, ಸ್ಕ್ರೂಡ್ರೈವರ್, ತಳ್ಳುವ ಉಳಿಗೆ ಹಾಕಿ. ಕಡೆಯುವಾಗ ಅಂಟು ಬಿಟ್ಟರೆ ತುಂಡು ಹಾರುತ್ತದೆ, ಆದ್ದರಿಂದ ಶುರು ಮಾಡುವಾಗ ಎದುರಿಗೆ ನಿಲ್ಲದೆ ಪಕ್ಕಕ್ಕೆ ನಿಂತು ಸ್ವಿಚ್ ಹಾಕಿ.

ಪ್ರಶ್ನೆ: ಕಪ್ಪು ಗೆರೆ ಸುಡಲು ತಂತಿ ಬಳಸುತ್ತಾರಂತೆ. ನಾನು ಮಾಡಿದರೆ ಬೂದು ಬಣ್ಣದ ಮಸುಕು ಬರುತ್ತದೆ, ಅದೂ ಅತ್ತಿತ್ತ ಓಡಾಡಿಕೊಂಡು.

ಉತ್ತರ: ತಂತಿಗೆ ಕೂರಲು ಜಾಗ ಕೊಟ್ಟಿಲ್ಲ ನೀವು. ಮೊದಲು ಸ್ಕ್ಯೂ ಉಳಿಯ ಮೊನೆಯಿಂದ ಒಂದು ಸಣ್ಣ ಸೀಳುಗೆರೆ ಹಾಕಿ, ಒಂದು ಮಿಲಿಮೀಟರ್ ಆಳವೂ ಬೇಡ. ಟೂಲ್ ರೆಸ್ಟ್ ತೆಗೆದುಬಿಡಿ. ವೇಗ 2000ದ ಹತ್ತಿರ ಇಟ್ಟು, ಉಕ್ಕಿನ ತಂತಿಯನ್ನು ಗೆರೆಯಲ್ಲಿ ಕೂರಿಸಿ ಎರಡೂ ಕಡೆಯಿಂದ ಎಳೆದು ಹಿಡಿಯಿರಿ. ಹೊಗೆ ಕಾಣಿಸಿ ಮೂರು ನಾಲ್ಕು ಸೆಕೆಂಡು, ಅಷ್ಟೇ, ಬಿಡಿ. ಬಿಳಿ ಮರದಲ್ಲಿ ಕಾಡಿಗೆ ಎಳೆದ ಹಾಗೆ ಬರುತ್ತದೆ. ಬೀಟೆಯಂಥ ಕಪ್ಪು ಮರದಲ್ಲಿ ಕಾಣುವುದೇ ಇಲ್ಲ, ಸುಮ್ನೆ ಶ್ರಮ.

ತಂತಿಯ ಎರಡೂ ತುದಿಗೆ ಮರದ ಗುಬಟು ಕಟ್ಟಿ ಅದನ್ನು ಹಿಡಿಯಬೇಕು. ಬೆರಳಿಗೆ ಸುತ್ತಿಕೊಂಡರೆ, ತಂತಿ ಮರಕ್ಕೆ ಸಿಕ್ಕಿ ಸುತ್ತಿದ ದಿನ ಬೆರಳೂ ಅದರ ಜೊತೆ ಹೋಗುತ್ತದೆ. ಮಾತು ಚುಚ್ಚಿದರೂ ಪರವಾಗಿಲ್ಲ, ಸುತ್ತಿಕೊಳ್ಳಬೇಡಿ. ಎರಡು ಮಣಿಗಳ ನಡುವಿನ ಇಕ್ಕಟ್ಟಿಗೆ ತಂತಿ ಹೋಗದಿದ್ದರೆ ಸನ್‌ಮೈಕಾದ ಒಂದು ಚೂರಿನ ಅಂಚನ್ನು ಒತ್ತಿ ಹಿಡಿದರೂ ಸುಡುತ್ತದೆ.

ಪ್ರಶ್ನೆ: ಕನ್ನಡಿಯ ಹಾಗೆ ಹೊಳೆಯುವ ಪಾಲಿಶ್ ಹೇಗೆ ತರುವುದು? 1000 ನಂಬರಿನ ಪೇಪರ್‌ವರೆಗೂ ಉಜ್ಜಿದ್ದೇನೆ.

ಉತ್ತರ: ಹೂದಾನಿಗೆ ಆದರೆ ಹೇಳುತ್ತಿದ್ದೆ. ಹಿಡಿಗೆ ಯಾಕೆ ಕನ್ನಡಿ? ಬೆವರಿದ ಕೈಗೆ ಜಾರುತ್ತದೆ. 120, 180, 240, ಅಲ್ಲಿಗೆ ನಿಲ್ಲಿಸಿ. ಪ್ರತಿ ನಂಬರ್ ಮುಗಿದ ಮೇಲೆ ಲೇತ್ ನಿಲ್ಲಿಸಿ, ಅದೇ ಪೇಪರಿನಲ್ಲಿ ಎಳೆಯ ಉದ್ದಕ್ಕೆ ನಾಲ್ಕು ಸಲ ಉಜ್ಜಿ. ತಿರುಗುವಾಗ ಬಿದ್ದ ಉಂಗುರದಂಥ ಗೀರುಗಳು ಆಗ ಮಾತ್ರ ಹೋಗುತ್ತವೆ. ಇದನ್ನು ಬಿಟ್ಟವರೇ 1000ದವರೆಗೆ ಹೋಗಿ ಆಮೇಲೂ ಗೀರು ಕಾಣುತ್ತಿದೆ ಎಂದು ಬರೆಯುವುದು.

ಮೇಲೆ ಬೇಯಿಸಿದ ಅಗಸೆ ಎಣ್ಣೆ ಸಾಕು. ತೆಳುವಾಗಿ ಹಚ್ಚಿ, ಕಾಲು ಗಂಟೆ ಬಿಟ್ಟು ಉಳಿದದ್ದನ್ನು ಒರೆಸಿ, ಒಂದು ದಿನ ಒಣಗಿಸಿ, ಹೀಗೆ ಮೂರು ಸಲ. ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಅಗಸೆ ಎಣ್ಣೆ ಒಣಗುವಾಗ ಗಾಳಿಯ ಆಮ್ಲಜನಕದ ಜೊತೆ ಸೇರಿ ಬಿಸಿ ಹುಟ್ಟಿಸುತ್ತದೆ. ಮುದ್ದೆಯೊಳಗೆ ಆ ಬಿಸಿ ಹೊರಗೆ ಹೋಗಲಾಗದೆ ಬಟ್ಟೆ ತಾನಾಗಿ ಹೊತ್ತಿಕೊಳ್ಳಬಹುದು. ಹೊರಗೆ ಬಿಡಿಸಿ ಹರಡಿ ಒಣಗಿಸಿ, ಇಲ್ಲವೇ ನೀರಲ್ಲಿ ನೆನೆಸಿ.

ಅರಗಿನ ಕಡ್ಡಿ ಬಳಸಲಾ ಎಂದೂ ಕೇಳಿದ್ದೀರಿ. ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿದರೆ ಉಜ್ಜಿದ ಬಿಸಿಗೇ ಕರಗಿ ಬಣ್ಣ ಹತ್ತುತ್ತದೆ, ನೋಡಲು ಬಲು ಚೆಂದ. ಆದರೆ ದಿನಾ ಹಿಡಿಯುವ ಜಾಗದಲ್ಲಿ ಬೇಡ, ಮಣಿಗಳ ಮೇಲೆ ಮಾತ್ರ ಹಚ್ಚಿ.

ಪ್ರಶ್ನೆ: ದುಂಡು ಹಿಡಿಯ ಉಳಿ ಬೆಂಚಿನಿಂದ ಉರುಳಿ ಬಿದ್ದು ಬಾಯಿ ಮುರಿಯಿತು. ಎರಡನೇ ಸಲ!

ಉತ್ತರ: ಕಡೆದು ಮುಗಿಸಿದ ಮೇಲೆ ತೋಪಡದಲ್ಲಿ ಒಂದು ಪಕ್ಕ, ಅದರ ಎದುರು ಪಕ್ಕ ಸ್ವಲ್ಪ ಚಪ್ಪಟೆ ಮಾಡಿ. ಉಳಿಯ ಚಪ್ಪಟೆ ಮೈಗೆ ಸಮನಾಗಿ ಬರಲಿ, ಆಗ ಕತ್ತಲಲ್ಲಿ ಹಿಡಿದರೂ ಬಾಯಿ ಎತ್ತ ಇದೆ ಎಂದು ಕೈಗೆ ತಿಳಿಯುತ್ತದೆ.

ಪ್ರಶ್ನೆ: ಕರೆಂಟಿನ ಲೇತ್ ಇಲ್ಲ. ಕೈ ಡ್ರಿಲ್ಲನ್ನು ಬೆಂಚಿಗೆ ಬಿಗಿದು ಮಾಡಬಹುದಾ?

ಉತ್ತರ: ದಬ್ಬಳದ ಚಿಕ್ಕ ಹಿಡಿ ಆಗುತ್ತದೆ, ಇನ್ನೊಂದು ತುದಿಗೆ ಆಸರೆ ಕೊಟ್ಟರೆ. ಅದಕ್ಕಿಂತ ದೊಡ್ಡದು ಬೇಡ, ಡ್ರಿಲ್ಲಿನ ಬೇರಿಂಗ್ ಪಕ್ಕದ ಒತ್ತಡಕ್ಕೆ ಮಾಡಿದ್ದಲ್ಲ. ಹಗ್ಗ ಸುತ್ತಿ ಎಳೆಯುವ ಲೇತ್ ಕಟ್ಟಿಕೊಳ್ಳಿ. ಈಜಿಪ್ಟಿನಲ್ಲಿ ಪೆಟೊಸಿರಿಸ್ ಎಂಬ ಪುರೋಹಿತನ ಸಮಾಧಿಯ ಗೋಡೆಯಲ್ಲಿ, ಸುಮಾರು ಕ್ರಿ.ಪೂ. 300ರ ಹೊತ್ತಿನದು, ಒಬ್ಬ ಹಗ್ಗ ಎಳೆದು ತಿರುಗಿಸುತ್ತಿರುವ, ಇನ್ನೊಬ್ಬ ಕಡೆಯುತ್ತಿರುವ ಚಿತ್ರ ಇದೆ. ಅಲ್ಲಿ ಮರ ಒಮ್ಮೆ ಈಚೆ ಒಮ್ಮೆ ಆಚೆ ತಿರುಗುತ್ತದೆ, ನಿಮ್ಮ ಕಡೆ ತಿರುಗುವಾಗ ಮಾತ್ರ ಉಳಿ ತಾಗಿಸಬೇಕು. ನಿಧಾನ, ಆದರೆ ಉಳಿ ಕಚ್ಚಿದರೂ ಗಾಬರಿ ಇಲ್ಲ, ಮರವೇ ನಿಂತುಬಿಡುತ್ತದೆ.

ಪ್ರಶ್ನೆ: ಕೊನೆಗೆ ಹಿಂಬದಿಯ ಗುಮ್ಮಟದ ತುದಿ ಬೇರೆ ಮಾಡುವಾಗ ಎಳೆ ಕಿತ್ತು ಗುಂಡಿ ಬೀಳುತ್ತದೆ. ಏನು ಮಾಡಲಿ?

ಉತ್ತರ: ತುಂಡು ಬೇರೆ ಮಾಡುವ ಉಳಿ, ಅಂದರೆ ಪಾರ್ಟಿಂಗ್ ಟೂಲಿನಲ್ಲಿ ಪೂರ್ತಿ ಕತ್ತರಿಸಲು ಹೋಗಬೇಡಿ. 8 ಮಿಲಿಮೀಟರ್ ಉಳಿಯುವವರೆಗೆ ಸ್ಕ್ಯೂ ಮೊನೆಯಲ್ಲಿ ಗುಮ್ಮಟ ತಿದ್ದಿ, ಲೇತ್ ನಿಲ್ಲಿಸಿ, ಗರಗಸದಲ್ಲಿ ಸ್ವಲ್ಪ ಹೊರಗೇ ಕೊಯ್ಯಿರಿ. ಉಳಿದ ಮೊಳಕೆಯನ್ನು ಹರಿತ ಉಳಿಯಲ್ಲಿ ಸುತ್ತಲಿಂದ ನಡುವಿಗೆ ಕೊಚ್ಚಿ, ಪೇಪರಿನಲ್ಲಿ ಉಜ್ಜಿ. ಈಗಾಗಲೇ ಗುಂಡಿ ಬಿದ್ದ ಹಿಡಿಯನ್ನು ಎಸೆಯಬೇಡಿ, ಕೊಡತಿಯ ನೂರು ಏಟು ಬಿದ್ದ ಮೇಲೆ ಅದು ಎಲ್ಲಿತ್ತು ಎಂದು ನಿಮಗೇ ಸಿಗುವುದಿಲ್ಲ.